ಹೊಟ್ಟೆ ಬಿಗಿ ಹಿಡಿ

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಗರಡಿಗೆ ಹೋಗುತ್ತಿದ್ದಾಗ ಮೈಸೂರಿನ ಪೈಲ್ವಾನರಿಗೆ ಹೊಟ್ಟೆಗೆಂದೇ ಒಂದು ಸಾಮು ಇರಲಿಲ್ಲ. ಎದೆ ತೋಳಿಗೆ ದಂಡೆ, ತೊಡೆಗೆ ಬಸ್ಕಿ, ಭುಜಕ್ಕೆ ಕರಲಾಕಟ್ಟೆ. ಹೊಟ್ಟೆಗೇನು ಎಂದು ಹೊಸ ಹುಡುಗ ಯಾರಾದರೂ ಕೇಳಿದರೆ ನಮ್ಮ ಉಸ್ತಾದರು, "ಹೊಟ್ಟೆಗೆ ಮುದ್ದೆ ಕಣ್ಲಾ" ಎಂದು ನಗುತ್ತಿದ್ದರು.

ಕೃಷ್ಣರಾಜ ಮೊಹಲ್ಲಾದ ಆ ಗರಡಿಯ ಬಾಗಿಲು ಗಿಡ್ಡ. ತಲೆ ಬಗ್ಗಿಸಿಯೇ ಒಳಗೆ ಹೋಗಬೇಕು. ಒಳನೆಲ ಬೀದಿಗಿಂತ ತಗ್ಗು. ಗೋಡೆಯ ಗೂಡಿನಲ್ಲಿ ಹನುಮಂತ, ಮುಂದೆ ಅರಿಶಿನ, ಕುಂಕುಮ, ಎಣ್ಣೆ, ನಿಂಬೆರಸ ಬೆರೆಸಿ ಹದ ಮಾಡಿದ ಕೆಮ್ಮಣ್ಣು. ಬೆಳಗ್ಗೆ ಐದಕ್ಕೆ ಬಂದವರು ಮೊದಲು ಮಾಡಬೇಕಾದದ್ದು ಆ ಮಣ್ಣನ್ನು ಗುದ್ದಲಿಯಿಂದ ಅಗೆದು ತಿರುವಿಹಾಕುವ ಕೆಲಸ. ಅದನ್ನು ಚಾಕರಿ ಎಂದು ಗೊಣಗಿಕೊಂಡು ಮಾಡುತ್ತಿದ್ದೆವು. ಗುದ್ದಲಿ ಎತ್ತಿ ಇಳಿಸುವಾಗ ನಡುವಿಗೆ ಬೀಳುತ್ತಿದ್ದ ಕೆಲಸವನ್ನು ಇವತ್ತಿನ ಯಾವ ಯಂತ್ರವೂ ಕೊಡುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ಹೊಟ್ಟೆಗೆ ಬೇರೆ ಸಾಮು ಇಲ್ಲದಿದ್ದರೂ ಉಸ್ತಾದರ ಬಾಯಿಂದ ದಿನಕ್ಕೆ ಅತಿ ಹೆಚ್ಚು ಸಲ ಬರುತ್ತಿದ್ದ ಮಾತು "ಹೊಟ್ಟೆ ಬಿಗಿ ಹಿಡಿ" ಎಂಬುದೇ. ಕರಲಾಕಟ್ಟೆ ತಲೆಯ ಹಿಂದೆ ಸುತ್ತುವಾಗ ಅದರ ಭಾರ ಬೆನ್ನನ್ನು ಹಿಂದಕ್ಕೆ ಎಳೆಯುತ್ತದೆ. ಹೊಟ್ಟೆ ಸಡಿಲಬಿಟ್ಟವನ ಸೊಂಟ ಅಲ್ಲೇ ಬಾಗುತ್ತದೆ. ಗದೆಯಂತೂ ಇನ್ನೂ ಕಠಿಣ. ಉದ್ದ ಕೋಲಿನ ತುದಿಯಲ್ಲಿ ಕಲ್ಲಿನ ಗುಂಡು, ಭಾರವೆಲ್ಲ ಒಂದೇ ಪಕ್ಕಕ್ಕೆ. ಮೈ ಆ ಕಡೆ ತಿರುಗದಂತೆ ತಡೆಯಬೇಕಾದದ್ದು ಪಕ್ಕೆಯ ಸ್ನಾಯುಗಳು. ನಾವು ಕಟ್ಟೆ ತಿರುಗಿಸುತ್ತಿರುವಾಗಲೇ ಉಸ್ತಾದರು ಹಿಂದಿನಿಂದ ಬಂದು ಅಂಗೈಯಿಂದ ಹೊಟ್ಟೆಗೆ ಒಂದು ಪೆಟ್ಟು ಕೊಡುತ್ತಿದ್ದರು. ಟಪ್ ಎಂದರೆ ಸರಿ. ಉಸಿರು ಹೊರಗೆ ಹಾರಿದರೆ ಮತ್ತೆ ಮೊದಲಿಂದ. ಬಿಗಿಯಾಗಿ ತುಂಬಿದ ಭತ್ತದ ಚೀಲ ತನ್ನಷ್ಟಕ್ಕೆ ನಿಲ್ಲುತ್ತದೆ, ಸಡಿಲ ಚೀಲ ಮಡಚಿ ಬೀಳುತ್ತದೆ ಎಂಬುದು ಅವರ ವಿವರಣೆ. ಹೊಟ್ಟೆಯೊಳಗಿನ ಒತ್ತಡವೇ ಬೆನ್ನುಮೂಳೆಗೆ ಆಸರೆ ಎಂದು ಬಹಳ ವರ್ಷಗಳ ಮೇಲೆ ಓದಿದಾಗ ನನಗೆ ಆ ಚೀಲ ಬಿಟ್ಟು ಬೇರೇನೂ ಹೊಳೆಯಲಿಲ್ಲ.

ಇಷ್ಟಕ್ಕೂ ಆ ಹೊಟ್ಟೆ ಯಾಕೆ ಬೇಕಿತ್ತು? ಚಿತ್ ಆಗದಿರಲು. ನಾಡಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ತಾಗಿದರೆ ಮುಗಿಯಿತು. ಎದುರಾಳಿ ಸೊಂಟ ಹಿಡಿದು ಎತ್ತುವಾಗ, ಕಲಾಜಂಗ್ ಹಾಕಿ ಹೆಗಲ ಮೇಲೆ ಹೊತ್ತು ಉರುಳಿಸುವಾಗ, ಗಾಳಿಯಲ್ಲೇ ಮೈ ತಿರುಚಿ ಮಗ್ಗುಲಿಗೆ ಬೀಳುವುದು ನಡುವಿನ ಕೆಲಸ. ದಸರೆಗೆ ಜೋಡಿ ಕಟ್ಟುವ ದಿನ ಹಳಬರು ನಮ್ಮ ಕತ್ತು, ತೊಡೆ, ಸೊಂಟವನ್ನು ಕೈಯಿಂದ ಮುಟ್ಟಿ ಅಳೆಯುತ್ತಿದ್ದರೇ ಹೊರತು ಹೊಟ್ಟೆಯಲ್ಲಿ ಎಷ್ಟು ಗೀರು ಎಂದು ಒಬ್ಬರೂ ನೋಡಿದವರಲ್ಲ. ಬಾದಾಮಿ ಹಾಲು, ತುಪ್ಪ, ಮಾಂಸ ತಿಂದ ಪೈಲ್ವಾನನ ಹೊಟ್ಟೆಯ ಮೇಲೆ ಒಂದು ಪದರ ಕೊಬ್ಬು ಇದ್ದೇ ಇರುತ್ತಿತ್ತು, ಅದಕ್ಕೆ ಮರ್ಯಾದೆಯೂ ಇತ್ತು. ಗೀರುಗೀರಾಗಿ ಕಾಣುವ ಹೊಟ್ಟೆ ಇದ್ದದ್ದು ಮಾರುಕಟ್ಟೆಯಲ್ಲಿ ಮೂಟೆ ಹೊರುವವರಿಗೆ. ಅದು ಆಗ ಬಡತನದ ಗುರುತು.

ಗರಡಿಯನ್ನು ಹೊಗಳುತ್ತಾ ಕೂತರೆ ಅರ್ಧ ಸುಳ್ಳಾಗುತ್ತದೆ. ಕುಸ್ತಿ ಬಿಟ್ಟ ಮೇಲೂ ಊಟ ಬಿಡದ ಎಷ್ಟೋ ಪೈಲ್ವಾನರು ನಲವತ್ತೈದಕ್ಕೆ ಡೊಳ್ಳು ಹೊಟ್ಟೆ, ಸಕ್ಕರೆ ಕಾಯಿಲೆ ಹೊತ್ತು ಓಡಾಡಿದ್ದನ್ನು ಕಂಡಿದ್ದೇನೆ. ಹೆಣ್ಣುಮಕ್ಕಳು ಹೊಸಿಲು ದಾಟುವಂತಿರಲಿಲ್ಲ. ಹೆರಿಗೆಯಲ್ಲಿ ಹೊಟ್ಟೆಯ ಸ್ನಾಯು ನಡುವೆ ಬಿಟ್ಟುಕೊಂಡು ನಿಜವಾಗಿ ಈ ವಿದ್ಯೆ ಬೇಕಾಗಿದ್ದವರು ಅವರು. ಅವರಿಗೆ ದಕ್ಕಿದ್ದು ಬಾಣಂತನದಲ್ಲಿ ಬಿಗಿದು ಕಟ್ಟುವ ಹಳೇ ಸೀರೆ ಮಾತ್ರ.

ಚಂದಕ್ಕಾಗಿ ಮೈ ಬೆಳೆಸುವುದು ನಮ್ಮಲ್ಲಿ ಇರಲೇ ಇಲ್ಲ, ಅದು ಜಿಮ್ ತಂದ ಚಾಳಿ ಎನ್ನುವವರಿಗೆ ಕೆ.ವಿ. ಅಯ್ಯರ್ ಅವರನ್ನು ನೆನಪಿಸಬೇಕು. 'ಶಾಂತಲಾ', 'ರೂಪದರ್ಶಿ' ಬರೆದ ಅದೇ ಅಯ್ಯರ್ ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ಜಿಮ್ನೇಷಿಯಂ ನಡೆಸಿದವರು, ಅಂಚೆಯ ಮೂಲಕವೂ ಅಂಗಸಾಧನೆ ಕಲಿಸಿದವರು. 1930ರಲ್ಲೇ 'ಮಸಲ್ ಕಲ್ಟ್' ಎಂಬ ಇಂಗ್ಲಿಷ್ ಪುಸ್ತಕ ಬರೆದರು. ಗ್ರೀಕ್ ಶಿಲ್ಪದ ಭಂಗಿಯಲ್ಲಿ ತೆಗೆಸಿಕೊಂಡ ಅವರ ಚಿತ್ರಗಳಲ್ಲಿ ಹೊಟ್ಟೆಯ ಒಂದೊಂದು ಗೆಣ್ಣೂ ಎಣಿಸುವಂತಿದೆ. ಆದರೆ ಅವರು ಬಾರ್‌ಬೆಲ್ ಜೊತೆಗೇ ಸೂರ್ಯನಮಸ್ಕಾರವನ್ನೂ ಹಠಯೋಗವನ್ನೂ ಇಟ್ಟುಕೊಂಡಿದ್ದರು. ಇತ್ತ ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಜಗನ್ಮೋಹನ ಅರಮನೆಯಲ್ಲಿ ಟಿ. ಕೃಷ್ಣಮಾಚಾರ್ಯರು 1933ರಿಂದ ಯೋಗಶಾಲೆ ನಡೆಸಿದರು. ಅವರ 'ಯೋಗ ಮಕರಂದ' ಮೊದಲು ಬಂದದ್ದು ಕನ್ನಡದಲ್ಲೇ. ಉಸಿರು ಹೊರಬಿಟ್ಟು ಹೊಟ್ಟೆಯನ್ನು ಬೆನ್ನಿಗೆ ಅಂಟಿಸುವ ಉಡ್ಡೀಯಾನವನ್ನು ನಾವು ಗರಡಿಯವರು ಲಕ್ಷ್ಯಕ್ಕೇ ತಂದುಕೊಂಡಿರಲಿಲ್ಲ. 1983ರಲ್ಲಿ 'ಕಾಮನಬಿಲ್ಲು' ಬಂದು, ರಾಜ್‌ಕುಮಾರ್ ಯೋಗಾಸನ ಹಾಕಿದ್ದನ್ನು ನೋಡಿ ಬಂದ ಮೇಲೆ ಮಾತ್ರ ಹುಡುಗರು ಮಣ್ಣಿನ ಪಕ್ಕ ನಿಂತು ಹೊಟ್ಟೆ ಒಳಗೆಳೆದು ಹೆಣಗಾಡತೊಡಗಿದರು. ಉಸ್ತಾದರು ಬೈಯಲಿಲ್ಲ. ತಮ್ಮಷ್ಟಕ್ಕೆ ಹೊರಗೆ ಹೋಗಿ ಒಂದೆರಡು ಸಲ ಅವರೂ ಪ್ರಯತ್ನಿಸಿದ್ದನ್ನು ನಾನು ಕದ್ದು ನೋಡಿದ್ದೇನೆ.

ಆಮೇಲೆ ಜಿಮ್‌ಗಳು ಬಂದವು. ಮೊದಲು ಬಂದವು ಗರಡಿಯಷ್ಟೇ ಕತ್ತಲ ಕೋಣೆಗಳು: ಗೋಡೆಗೆ ಆರ್ನಾಲ್ಡ್ ಚಿತ್ರ, ಒಂದು ಮಲ್ಟಿಜಿಮ್, ಹೊಟ್ಟೆಗೆಂದು ಇಳಿಜಾರಿನ ಒಂದು ಹಲಗೆ. ದೊಡ್ಡ ವ್ಯತ್ಯಾಸ ಕನ್ನಡಿ. ಗರಡಿಯಲ್ಲಿ ನಮ್ಮ ಮೈ ನಮಗೆ ಕಾಣುತ್ತಿರಲಿಲ್ಲ; ಎದುರಾಳಿಯ ಹಿಡಿತದಿಂದಲೇ ನಮ್ಮ ಬಲ ತಿಳಿಯಬೇಕಿತ್ತು. ಕನ್ನಡಿ ಬಂದ ಮೇಲೆ ಎಲ್ಲರೂ ಅಂಗಿ ಎತ್ತಿ ನೋಡಿಕೊಳ್ಳತೊಡಗಿದರು. 2007ರಲ್ಲಿ ಶಾರುಖ್ ಖಾನ್ 'ಓಂ ಶಾಂತಿ ಓಂ'ನಲ್ಲಿ ಸಿಕ್ಸ್ ಪ್ಯಾಕ್ ತೋರಿಸಿದ ಮೇಲಂತೂ ಜಿಮ್ ಬಾಗಿಲಲ್ಲಿ ಹುಡುಗರ ಮೊದಲ ಪ್ರಶ್ನೆಯೇ "ಎಷ್ಟು ತಿಂಗಳಿಗೆ ಬರುತ್ತೆ ಸಾರ್?" ಎಂಬುದಾಯಿತು.

ಈ ಪ್ರಶ್ನೆಗೆ ನೇರ ಉತ್ತರ ಕೊಡುವ ಜಿಮ್ ಮಾಲೀಕರು ಕಡಿಮೆ, ಕೊಟ್ಟರೆ ಗಿರಾಕಿ ಹೋದಾನು. ಪಕ್ಕೆಲುಬಿನಿಂದ ಕೆಳಗಿನ ಎಲುಬಿನವರೆಗೆ ಇಳಿಯುವ ಉದ್ದನೆಯ ಸ್ನಾಯುವಿಗೆ ಅಡ್ಡಲಾಗಿ ನಾರಿನ ಪಟ್ಟಿಗಳಿವೆ. ಅವು ಎಷ್ಟು, ಎಲ್ಲಿ ಎಂಬುದು ಹುಟ್ಟಿನಿಂದಲೇ ಬರುತ್ತದೆ. ಅದಕ್ಕೇ ಒಬ್ಬನಿಗೆ ನಾಲ್ಕು, ಇನ್ನೊಬ್ಬನಿಗೆ ಆರು, ಮತ್ತೊಬ್ಬನಿಗೆ ಎಂಟು, ಕೆಲವರಿಗೆ ಸೊಟ್ಟಸೊಟ್ಟ. ಸಾಮು ಅವನ್ನು ದಪ್ಪ ಮಾಡಬಹುದು, ಹೊಸದಾಗಿ ಹುಟ್ಟಿಸಲಾರದು. ಮೇಲಿನ ಕೊಬ್ಬು ಕರಗುವುದು ಇಡೀ ಮೈಯಿಂದ, ಅದೂ ಊಟದ ಲೆಕ್ಕದಿಂದ. ಸಾವಿರ ಸಿಟ್-ಅಪ್ ಹೊಡೆದರೂ ಹೊಟ್ಟೆಯ ಕೊಬ್ಬೇ ಕರಗಬೇಕೆಂಬ ನಿಯಮವಿಲ್ಲ. ದಸರಾ ದೇಹದಾರ್ಢ್ಯ ಸ್ಪರ್ಧೆಯ ವೇದಿಕೆಯ ಹಿಂದೆ ನಿಂತರೆ ಇದರ ಬೆಲೆ ಕಾಣುತ್ತದೆ. ಮುಂದೆ ಹೊಳೆಯುವ ಮೈ, ಹಿಂದೆ ನೀರು ಬಿಟ್ಟು ಒಣಗಿದ ತುಟಿ. ಹೊಟ್ಟೆ ತೊಡೆ ತೋರಿಸುವ ಭಂಗಿ ಮುಗಿಸಿ ಇಳಿದ ಹುಡುಗನೊಬ್ಬ ಮೆಟ್ಟಿಲ ಮೇಲೆ ಕೂತು, "ಅಣ್ಣ, ಎತ್ತಿ ನಿಲ್ಸಿ" ಎಂದು ಕೈ ಚಾಚಿದ್ದ. ಆ ಹೊಟ್ಟೆ ಆ ಹೊತ್ತಿಗೆ ನೋಟಕ್ಕಷ್ಟೇ ಇತ್ತು.

ಇಳಿಜಾರಿನ ಹಲಗೆಗೆ ಗ್ರಹಚಾರ ಹಿಡಿದದ್ದು ಬೇರೆ ಕಡೆಯಿಂದ. ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದ ಸ್ಟುವರ್ಟ್ ಮೆಕ್‌ಗಿಲ್ ಅಳತೆ ಮಾಡಿ, ಒಂದು ಸಿಟ್-ಅಪ್ ಸೊಂಟದ ಮಣಿಗಳ ಮೇಲೆ ಸುಮಾರು 3,300 ನ್ಯೂಟನ್ ಒತ್ತಡ ಹಾಕುತ್ತದೆ ಎಂದರು. ಕ್ವಿಂಟಲ್ ಲೆಕ್ಕದಲ್ಲಿ ಮೂರಕ್ಕಿಂತ ಹೆಚ್ಚು. ಹೊಟ್ಟೆಯ ಮುಖ್ಯ ಕೆಲಸ ಬೆನ್ನನ್ನು ಬಗ್ಗಿಸುವುದಕ್ಕಿಂತ ಬಗ್ಗದಂತೆ, ತಿರುಚದಂತೆ ತಡೆಯುವುದು ಎಂಬುದು ಅವರ ವಾದ. ಅಮೆರಿಕದ ಸೇನೆಯೂ ದಶಕಗಳ ಕಾಲ ನಡೆಸಿದ ಎರಡು ನಿಮಿಷದ ಸಿಟ್-ಅಪ್ ಪರೀಕ್ಷೆ ಕೈಬಿಟ್ಟು 2022ರ ಹೊತ್ತಿಗೆ ಪ್ಲ್ಯಾಂಕ್ ತಂದಿತು. ಈಗ ನಾನು ಹೋಗುವ ಜಿಮ್ಮಿನ ಕೋಚ್, ನನ್ನ ಮೊಮ್ಮಗಳ ವಯಸ್ಸಿನ ಹುಡುಗಿ, ಕಬ್ಬಿಣದ ಗುಂಡು ತೂಗಿಸುವಾಗ "ಅಂಕಲ್, ಕೋರ್ ಟೈಟ್!" ಎಂದು ಕೂಗುತ್ತಾಳೆ. ಅಂಗೈ ಪೆಟ್ಟು ಒಂದಿಲ್ಲ, ಅಷ್ಟೆ. ಅವಳು ವಾರಕ್ಕೆ ಮೂರು ದಿನ ಬೆಳಗ್ಗೆ ಕುಸ್ತಿ ಅಭ್ಯಾಸಕ್ಕೂ ಹೋಗುತ್ತಾಳೆ. ದಸರೆಯಲ್ಲಿ ಹೆಣ್ಣುಮಕ್ಕಳ ಕುಸ್ತಿಯೂ ಈಗ ನಡೆಯುತ್ತದಲ್ಲ.

ಗೀರು ಕಾಣಬೇಕೆಂಬ ಆಸೆಯಲ್ಲಿ ತಪ್ಪೇನೂ ನನಗೆ ಕಾಣುವುದಿಲ್ಲ. ಅಯ್ಯರ್ ಅದನ್ನು ಬಲದ ಜೊತೆಗೇ ಸಾಧಿಸಿ ತೋರಿಸಿದ್ದಾರೆ. ಆದರೆ ಬಲ ಮೊದಲು ಬರಬೇಕು, ಗೀರು ಆಮೇಲೆ. ತಿರುಗುಮುರುಗು ಮಾಡಿದವರು ಮೂವತ್ತಕ್ಕೇ ಬೆನ್ನು ಹಿಡಿದುಕೊಂಡು ಕೂತದ್ದನ್ನು ಸಾಕಷ್ಟು ನೋಡಿದ್ದೇನೆ. ನಿಮ್ಮ ಬೀದಿಯಲ್ಲಿ ಗರಡಿ ಇನ್ನೂ ಉಳಿದಿದ್ದರೆ ಜಿಮ್ಮಿಗೆ ದುಡ್ಡು ಕಟ್ಟುವ ಮುನ್ನ ಒಂದು ಸಲ ತಲೆ ಬಗ್ಗಿಸಿ ಒಳಗೆ ಹೋಗಿ ಬನ್ನಿ. ನಮ್ಮ ಗರಡಿಯಲ್ಲಿ ಈಗಲೂ ಶುಲ್ಕವಿಲ್ಲ. ದಸರೆಗೆ ಮುಂಚೆ ಹೊಸ ಮಣ್ಣು ಹಾಕಿಸುವಾಗ ಕೈಲಾದದ್ದು ಕೊಟ್ಟರೆ ಸಾಕು.