ಅವ್ವನ ಟಿಎಸ್ಎಚ್ಚು, ಕಾಕೂನ ಗುಳಿಗಿ

ಹೋದ ತಿಂಗಳು ದೇಸೂರಿಗೆ ಹೋದಾಗ ಅವ್ವ ಕಟ್ಟೆ ಮೇಲೆ ಎದೆ ಹಿಡಿದುಕೊಂಡು ಕೂತಿದ್ದಳು. "ಎದಿ ಢವಢವ ಅಂತೈತಿ, ರಾತ್ರಿ ನಿದ್ದಿನೂ ಬರವಲ್ದು" ಅಂದಳು.

ಸ್ವಲ್ಪ ಹಿಂದಿನಿಂದ ಹೇಳಬೇಕು. ಬರೀ ಸುಸ್ತು ಅನ್ನುತ್ತಿದ್ದಳೆಂದು ಬೆಳಗಾವಿಯಲ್ಲಿ ರಕ್ತ ಪರೀಕ್ಷೆ ಮಾಡಿಸಿದ್ದೆ. ಟಿಎಸ್ಎಚ್ 7.2, ಟಿ4 ಸರಿಯಾಗಿತ್ತು. ಟಿಎಸ್ಎಚ್ ಅಂದ್ರೆ ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿ ಥೈರಾಯ್ಡಿಗೆ ಹಾಕುವ ಕೂಗು. ಅದು ಸೋಮಾರಿಯಾದಷ್ಟೂ ಇದರ ಕೂಗು ಜೋರು. ಅವ್ವನದು ಕೂಗು ಸ್ವಲ್ಪ ಜೋರು, ಆದರೆ ಕೆಲಸ ನಡೆದಿದೆ. ಮೂರು ತಿಂಗಳು ಬಿಟ್ಟು ಮತ್ತೆ ನೋಡೋಣ, ಈಗ ಗುಳಿಗೆ ಬೇಡ ಅಂದಿದ್ದರು ಡಾಕ್ಟರು.

ನಾನು ಸುಮ್ಮನಿರಬೇಕಿತ್ತು... ಓದಿದ್ದನ್ನೆಲ್ಲ ಅವ್ವನ ಮುಂದೆ ಒದರಿದೆ. ಹಾಲೆಂಡಿನ ರಾಟರ್‌ಡ್ಯಾಮಿನಲ್ಲಿ ಸಾವಿರಕ್ಕೂ ಹೆಚ್ಚು ವಯಸ್ಸಾದ ಹೆಂಗಸರನ್ನು ಪರೀಕ್ಷಿಸಿದ ವರದಿ 2000ದಲ್ಲಿ ಬಂತು. ಇಂಥ ಸಣ್ಣ ಕೊರತೆ ಇದ್ದವರಲ್ಲಿ ಮಹಾಧಮನಿ ಗಟ್ಟಿಯಾಗಿದ್ದು, ಹಾರ್ಟ್ ಅಟ್ಯಾಕ್ ಆಗಿದ್ದು ಹೆಚ್ಚು ಕಂಡಿತ್ತು. ಥೈರಾಯ್ಡ್ ಹಾರ್ಮೋನು ಕಡಿಮೆಯಾದರೆ ಲಿವರ್ ರಕ್ತದಲ್ಲಿನ ಕೆಟ್ಟ ಕೊಲೆಸ್ಟರಾಲನ್ನು ಎಳೆದುಕೊಳ್ಳುವುದೂ ನಿಧಾನವಾಗುತ್ತದೆ.

ಅಪ್ಪ ಹೋಗಿದ್ದು ಹಾರ್ಟ್ ಅಟ್ಯಾಕಿನಿಂದಲೇ. ಅವ್ವ ಏನೂ ಮಾತಾಡಲಿಲ್ಲ. ಮರುದಿನವೇ ಪಕ್ಕದ ಮನೆ ಕಾಕೂನ ಹತ್ತಿರ ಹೋಗಿ ಅವರ ಥೈರಾಯ್ಡ್ ಗುಳಿಗೆ ಇಸಗೊಂಡು ಬಂದಿದ್ದಾಳೆ! ದಿನಾ 100 ಮೈಕ್ರೋಗ್ರಾಂ, ಮೂರು ವಾರ. ಕಾಕೂಗೆ ಥೈರಾಯ್ಡನ್ನೇ ತೆಗೆದಿದ್ದಾರೆ, ಅವರಿಗೆ ಅಷ್ಟು ಬೇಕು. ಅವ್ವನಿಗೆ?

ಡಾಕ್ಟರು ಇಸಿಜಿ ತೆಗೆಸಿ, ಅವ್ವನ ಬಿಟ್ಟು ನನಗೇ ಬೈದರು. ಎಪ್ಪತ್ತು ದಾಟಿದವರಿಗೆ ಟಿಎಸ್ಎಚ್ ತುಸು ಏರುವುದು ಸಹಜವಂತೆ. ಹತ್ತು ದಾಟಿದರೆ ಮಾತು ಬೇರೆ, ಹೃದಯದ ಅಪಾಯ ಸ್ಪಷ್ಟವಾಗಿ ಹೆಚ್ಚುವುದು ಅಲ್ಲಿ. ಯುರೋಪಿನಲ್ಲಿ 65 ದಾಟಿದ 737 ಜನರ ಮೇಲೆ ನಡೆದ ಪ್ರಯೋಗದ ಫಲಿತಾಂಶ 2017ರಲ್ಲಿ ಬಂತು. ಗುಳಿಗೆ ತಿಂದವರಿಗೆ ಸುಸ್ತೇನೂ ಕಡಿಮೆಯಾಗಿರಲಿಲ್ಲ. ಅವರಲ್ಲೇ ಕೆಲವರ ಕುತ್ತಿಗೆಯ ರಕ್ತನಾಳ ಸ್ಕ್ಯಾನ್ ಮಾಡಿದರೆ, ಗೋಡೆಯ ದಪ್ಪದಲ್ಲೂ ವ್ಯತ್ಯಾಸವಿಲ್ಲ. ಗುಳಿಗೆ ಹೆಚ್ಚಾದರೆ ಮಾತ್ರ ಎದೆಬಡಿತ ತಾಳ ತಪ್ಪುತ್ತದೆ, ಎಲುಬು ಸವೆಯುತ್ತದೆ.

"ಅದಿರ್ಲಿ, ಇವರ ಬಿಪಿ ಯಾವಾಗ ನೋಡ್ಸಿದ್ರಿ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಆರೆಂಟು ದಿನ ಬಿಟ್ಟು, ಢವಢವ ನಿಂತ ಮೇಲೆ ನೋಡಿದರೂ 164/96! ಕೊಲೆಸ್ಟರಾಲೂ ಏರಿತ್ತು. ರಾಟರ್‌ಡ್ಯಾಮಿನವರೆಗೆ ಹೋಗಿಬಂದವನಿಗೆ ಮನೆಯಲ್ಲಿದ್ದದ್ದು ಕಂಡಿರಲಿಲ್ಲ.

ಈಗ ಅವೆರಡಕ್ಕೆ ಔಷಧಿ ಶುರುವಾಗಿದೆ. ಉಳಿದ ಗುಳಿಗೆ ಕಾಕೂಗೆ ವಾಪಸ್ ಕೊಟ್ಟೆ, "ಚಲೋ ಆಗ್ಲಿ ಅಂತ ಕೊಟ್ನೋ ಯಪ್ಪಾ" ಅಂತ ಕಣ್ಣೀರು ಹಾಕಿದರು. ಟಿಎಸ್ಎಚ್ ಮತ್ತೆ ನೋಡುವುದು ಇನ್ನೂ ಒಂದು ತಿಂಗಳ ಮೇಲೆ. ಉಪ್ಪಿನಕಾಯಿ ಬಿಡಿಸುವ ಮಾತುಕತೆ ಮಾತ್ರ ದಿನಾ ಫೋನಿನಲ್ಲಿ ನಡೆದೇ ಇದೆ.