ಮೂಲಿಕೆಯೂ ವಿವೇಕವೂ



ತಾರಿಹಾಳದ ತಾಯಿಯೊಬ್ಬರ ವಿಷಯದಲ್ಲಿ ನಮ್ಮಿಂದ ನಡೆದ ತಪ್ಪೊಂದನ್ನು ಈ ಸಂಚಿಕೆಯಲ್ಲಿ ತಮ್ಮ ಮುಂದೆ ಇಡಬಯಸಿದ್ದೇವೆ. ಮಠದಲ್ಲಿ ಆಡಿದ ಮಾತನ್ನು ಮದ್ದೆಂದೇ ನಂಬುವವರು ತಮ್ಮಲ್ಲಿ ಅನೇಕರು. ಆದುದರಿಂದ ಇದನ್ನು ಮುಚ್ಚಿಡುವುದು ಸಲ್ಲದು.

2020ರ ಮಹಾಮಾರಿಯ ದಿನಗಳವು. ಮನೆಮನೆಯಲ್ಲಿ ಕಷಾಯ ಕುದಿಯುತ್ತಿತ್ತು. ಆ ತಾಯಿ ದರ್ಶನಕ್ಕೆ ಬಂದು, "ಮುಂಜಾನೆ ಎದ್ದ ಕೂಡಲೆ ಬಟ್ಟು ಮಡಚಾಕ ಬರವಲ್ಲವು ಅಜ್ಜಾರ, ರೊಟ್ಟಿ ಬಡಿಯಾಕ ಆಗವಲ್ದು" ಎಂದು ಊದಿದ ಕೈಗಳನ್ನು ಚಾಚಿದರು. ಮಠದ ಬೇವಿನ ಮರಕ್ಕೆ ಹಬ್ಬಿದ ಅಮೃತಬಳ್ಳಿಯನ್ನು ಕೊಡಿಸಿ, ಇದರಿಂದ ರೋಗನಿರೋಧಕ ಶಕ್ತಿ ಹೆಚ್ಚುವುದೆಂದು ಹೇಳಿ ಕಳುಹಿಸಿದೆವು. ವೈದ್ಯರ ಗುಳಿಗೆಗಳನ್ನು ಬಿಡಿರೆಂದು ನಾವು ಹೇಳಲಿಲ್ಲ, ಬಿಡಬೇಡಿರೆಂದೂ ಹೇಳಲಿಲ್ಲ. ಅವರು ಬಿಟ್ಟುಬಿಟ್ಟರು. ವರುಷ ಕಳೆದು ಮರಳಿ ಬಂದಾಗ ಬೆರಳುಗಳು ಸೊಟ್ಟಗಾಗಿದ್ದವು. ಪಾಠಶಾಲೆಯಲ್ಲಿಯೂ ವಿಶ್ವವಿದ್ಯಾಲಯದಲ್ಲಿಯೂ ಓದಿದ ನಾವು ಅಂದು ತಲೆತಗ್ಗಿಸಿದೆವು.

ಅವರಿಗಿದ್ದುದು ರುಮಟಾಯ್ಡ್ ಸಂಧಿವಾತ. ಈ ರೋಗದಲ್ಲಿ ನಿರೋಧಕ ಶಕ್ತಿಗೆ ಕೊರತೆಯಿಲ್ಲ. ಅದು ದಿಕ್ಕು ತಪ್ಪಿರುತ್ತದೆ. ಹೊರಗಿನ ರೋಗಾಣುಗಳನ್ನು ತಡೆಯಬೇಕಾದ ಬಿಳಿಯ ರಕ್ತಕಣಗಳು ಕೀಲುಗಳ ಒಳಪದರದ ಮೇಲೆಯೇ ಎರಗುತ್ತವೆ. ಅವು ಸೂಸುವ ಟಿಎನ್‌ಎಫ್ ಮೊದಲಾದ ದ್ರವ್ಯಗಳು ಉರಿಯೂತವನ್ನು ಬೆಳೆಸಿ ಮೃದ್ವಸ್ಥಿಯನ್ನೂ ಎಲುಬನ್ನೂ ಸವೆಸುತ್ತವೆ. ಬೇಲಿಯೇ ಎದ್ದು ಹೊಲ ಮೇಯುವ ಸ್ಥಿತಿಯಿದು. ಮೇಯುವ ಬೇಲಿಗೆ ಬಲ ತುಂಬುವುದು ಚಿಕಿತ್ಸೆಯಲ್ಲ. ಅದನ್ನು ಹದಕ್ಕೆ ತರುವುದು ಚಿಕಿತ್ಸೆ.

ಹಾಗಾದರೆ ಸಸ್ಯಗಳಲ್ಲಿ ಈ ಗುಣವಿಲ್ಲವೇ? ಇದೆ. ಅರಿಸಿನದ ಹಳದಿ ಸತ್ವವಾದ ಕರ್ಕ್ಯುಮಿನ್, ಉರಿಯೂತದ ಆಜ್ಞೆ ಹೊರಡಿಸುವ ಎನ್‌ಎಫ್-ಕಪ್ಪಾ-ಬಿ ಎಂಬ ಪ್ರೋಟೀನನ್ನು ತಡೆಯುವುದು ಪ್ರಯೋಗಶಾಲೆಗಳಲ್ಲಿ ಕಂಡುಬಂದಿದೆ. ಆದರೆ ಅರಿಸಿನದಲ್ಲಿ ಅದರ ಪ್ರಮಾಣ ಸುಮಾರು ಶೇಕಡಾ 3 ಮಾತ್ರ. ಅದರಲ್ಲಿಯೂ ರಕ್ತವನ್ನು ಸೇರುವುದು ಅತ್ಯಲ್ಪ. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 2 ಗ್ರಾಂ ಕರ್ಕ್ಯುಮಿನ್ನಿನೊಡನೆ ಮೆಣಸಿನ ಸತ್ವವಾದ ಪೈಪರಿನ್ನನ್ನು 20 ಮಿಲಿಗ್ರಾಂ ಕೊಟ್ಟಾಗ, ದೇಹಕ್ಕೆ ದಕ್ಕುವ ಪ್ರಮಾಣ ಶೇಕಡಾ 2000ದಷ್ಟು ಏರಿತು. ಹೀಗೆ ಬಲಗೊಂಡ ಮದ್ದು ನಿರಪಾಯವೆಂದು ತಿಳಿಯಬಾರದು. ಇಂಥ ಗುಳಿಗೆಗಳಿಂದ ಕೆಲವರ ಯಕೃತ್ತು ಕೆಟ್ಟ ವರದಿಗಳು ಈಚೆಗೆ ಬಂದಿವೆ.

ಅಮೃತಬಳ್ಳಿಯ ಮಾತೂ ಅಂತೆಯೇ. ಅದನ್ನು ಸೇವಿಸಿದ ಆರು ಜನರಿಗೆ ಯಕೃತ್ತಿನ ತೊಂದರೆಯಾದುದನ್ನು ಮುಂಬಯಿಯ ವೈದ್ಯರು 2021ರಲ್ಲಿ ಪ್ರಕಟಿಸಿದರು. ನಿರೋಧಕ ಶಕ್ತಿಯನ್ನು ಕೆರಳಿಸಿದುದೇ ಕಾರಣವಿರಬಹುದೆಂದು ಶಂಕಿಸಿದರು. ಅವರು ಸೇವಿಸಿದ್ದು ಅಮೃತಬಳ್ಳಿಯೇ ಎಂಬುದು ಸಿದ್ಧವಾಗಿಲ್ಲವೆಂದು ಆಯುಷ್ ಸಚಿವಾಲಯ ಆಕ್ಷೇಪಿಸಿತು. ವಾದವೇನೇ ಇರಲಿ, ಯಾವ ಬಳ್ಳಿ, ಎಷ್ಟು, ಯಾರಿಗೆ ಎಂಬುದನ್ನರಿಯದೆ ಕೊಡಬಾರದೆಂಬುದು ಎರಡೂ ಕಡೆಯಿಂದ ದೊರೆವ ಪಾಠ.

ಇನ್ನೊಂದು ಸಂಗತಿಯನ್ನು ಹೇಳದಿರಲಾರೆವು. ಆ ತಾಯಿ ಬಿಟ್ಟ ಗುಳಿಗೆಗಳಲ್ಲಿ ಹೈಡ್ರಾಕ್ಸಿಕ್ಲೋರೋಕ್ವಿನ್ ಒಂದು. ಸಿಂಕೋನಾ ಮರದ ತೊಗಟೆಯಿಂದ 1820ರಲ್ಲಿ ಬೇರ್ಪಡಿಸಿದ ಕ್ವಿನೈನಿನ ಜಾಡು ಹಿಡಿದು ರಸಾಯನಶಾಸ್ತ್ರಜ್ಞರು ರೂಪಿಸಿದ ಮದ್ದು ಅದು. ಗಿಡವೇ ಕಲಿಸಿದ, ಅಳೆದು ತೂಗಿ ಪರೀಕ್ಷಿಸಿದ ಮದ್ದನ್ನು ತೊರೆದು, ಅಳತೆಯಿಲ್ಲದ ಕಷಾಯವನ್ನು ಅವರು ಹಿಡಿದಿದ್ದರು!

ಈಗ ಅವರು ವೈದ್ಯರ ಚಿಕಿತ್ಸೆಗೆ ಮರಳಿದ್ದಾರೆ. ನೋವು ತಗ್ಗಿದೆ, ಸೊಟ್ಟಗಾದ ಬೆರಳು ನೆಟ್ಟಗಾಗಿಲ್ಲ. ಬೇವಿನ ಮರದ ಮೇಲೆ ಬಳ್ಳಿ ಇಂದಿಗೂ ಹಸುರಾಗಿದೆ. ಕೇಳಿ ಬಂದವರನ್ನು ನಾವು ಮೊದಲು ವಿಚಾರಿಸುವುದಿಷ್ಟೇ: "ಡಾಕ್ಟರಿಗೆ ತೋರಿಸೀರೇನು? ಯಾವ ಗುಳಿಗಿ ತೊಗೊಂತೀರಿ?" ಉತ್ತರ ದೊರೆಯುವವರೆಗೆ ಬಳ್ಳಿಗೆ ಕೈ ಹಚ್ಚಗೊಡುವುದಿಲ್ಲ. ತಾವೂ ತಮ್ಮ ಮನೆಗಳಲ್ಲಿ ಹೀಗೆಯೇ ನಡೆದುಕೊಳ್ಳಬೇಕೆಂಬುದು ನಮ್ಮ ಆಶಯ.