ಎರಡು ಹೊಳೆಗಳ ನಡುವಣ ಒಂದು ಶಾಲೆ

ಗಂಗೆಗೂ ಯಮುನೆಗೂ ನಡುವಣ ಭೂಮಿಯನ್ನು ಪೂರ್ವಿಕರು ಅಂತರ್ವೇದಿಯೆಂದು ಕರೆದರು. ಬಡಗಣ ಕೃಷ್ಣೆಗೂ ತೆಂಕಣ ತುಂಗಭದ್ರೆಗೂ ನಡುವೆ ಹಬ್ಬಿರುವ ರಾಯಚೂರು ಸೀಮೆಗೂ ಅದೇ ಹೆಸರು ಸಲ್ಲತಕ್ಕದ್ದು. ಆದರೆ ಜನರ ಬಾಯಲ್ಲಿ ಉಳಿದದ್ದು ‘ದೋಆಬು’ ಎಂಬ ಪಾರಸಿಯ ಮಾತು. ಈ ಕರಿಯ ನೆಲಕ್ಕಾಗಿ ವಿಜಯನಗರದವರೂ ಬಹಮನಿಯವರೂ ಆಮೇಲೆ ಬಿಜಾಪುರದವರೂ ತಲೆಮಾರುಗಳ ಕಾಲ ಕಾದಾಡಿದರೆಂಬುದನ್ನು ವಾಚಕರು ಬಲ್ಲರು. ನಾವು ಈ ಸಲ ಅಲ್ಲಿಗೆ ಹೊರಟದ್ದು ರಣರಂಗಗಳನ್ನು ನೋಡುವುದಕ್ಕಲ್ಲ. ಕಥೋಲಿಕ ಇಗರ್ಜಿಯ ಆಶ್ರಯದಲ್ಲಿ ನಡೆಯುವ ಕನ್ನಡ ಶಾಲೆಯೊಂದು ಮುಚ್ಚುವ ಸ್ಥಿತಿಗೆ ಬಂದು, ಈಗ ಮೆಲ್ಲನೆ ಉಸಿರಾಡುತ್ತಿದೆಯೆಂದು ಮಿತ್ರರೊಬ್ಬರು ಬರೆದಿದ್ದರು. ಮೂವತ್ತು ವರ್ಷ ಹಾಜರಿಪಟ್ಟಿ ಕೂಗಿದವರಿಗೆ ಇಂತಹ ಸುದ್ದಿ ಬಂದ ಮೇಲೆ ಮನೆಯಲ್ಲಿ ಕುಳಿತಿರುವುದು ಕಷ್ಟ.

ಮೊದಲು ಮುಕ್ಕುಂದಕ್ಕೆ ಹೋದೆವು. ಸಿಂಧನೂರು ತಾಲೂಕಿಗೆ ಸೇರಿದ, ತುಂಗಭದ್ರೆಯ ದಡದ ಗ್ರಾಮವಿದು. ಹೆಸರನ್ನು ಕೇಳಿದೊಡನೆ ಸಂಸ್ಕೃತ ಓದಿದವರ ಮನಸ್ಸು ಮುಕುಂದನ ಕಡೆಗೆ ಓಡುವುದು ಸಹಜ. ಆದರೆ ಆ ಒತ್ತಕ್ಷರ ಎಲ್ಲಿಂದ ಬಂತೆಂದು ಕೇಳಿದರೆ ವ್ಯಾಕರಣವು ಮೌನ ತಾಳುತ್ತದೆ, ನಾವೂ ತಾಳಿದೆವು. ಹೊಳೆಯ ಕಡೆಯಿಂದ ಬರುವ ಗಾಳಿ ತಂಪಾಗಿತ್ತು. ಹರಟೆಗೆ ಕುಳಿತ ಮುದುಕರೊಬ್ಬರನ್ನು ಮೊಮ್ಮಕ್ಕಳ ಓದಿನ ವಿಷಯ ಕೇಳಿದೆವು. “ಇಂಗ್ಲಿಷ್ ಸಾಲಿಗೆ ಹಾಕ್ಯಾರ್ರಿ ಮಾಸ್ತರ, ಬಸ್ಸು ಮನೀ ಮುಂದೇ ಬರ್ತದ” ಎಂದರು. ಆ ಮಾತಿನಲ್ಲಿ ಹೆಮ್ಮೆಯೂ ಇತ್ತು, ಫೀಜಿನ ಭಾರವೂ ಇತ್ತು.

ಸಿಂಧನೂರಿನ ಸುತ್ತ ಈಗ ಬತ್ತದ ಗದ್ದೆಗಳು. ತುಂಗಭದ್ರಾ ಅಣೆಕಟ್ಟು 1953ರಲ್ಲಿ ಮುಗಿದು ಎಡದಂಡೆಯ ಕಾಲುವೆ ಹರಿದ ಮೇಲೆ ಜೋಳದ ಸೀಮೆ ಅಕ್ಕಿಯ ಸೀಮೆಯಾಯಿತು. ಕಾಲುವೆಯ ಮೇಲ್ಭಾಗದವರಿಗೆ ಸುಭಿಕ್ಷ. ನೀರು ಸರಿಯಾಗಿ ತಲುಪದ ಕೆಳಭಾಗದವರಿಗೂ, ಮಳೆಯನ್ನೇ ನಂಬಿದವರಿಗೂ ಗುಳೆ ತಪ್ಪಲಿಲ್ಲ. ಸುಗ್ಗಿ ಕಳೆದೊಡನೆ ಸಂಸಾರ ಸಮೇತ ಬೆಂಗಳೂರಿಗೋ ಗೋವೆಗೋ ಕೂಲಿಗೆ ಹೋಗುವುದಕ್ಕೆ ಇಲ್ಲಿ ಗುಳೆಯೆನ್ನುತ್ತಾರೆ. ಶಾಲೆಯ ಕಥೆಯಲ್ಲಿ ಈ ಮಾತು ಮತ್ತೆ ಬರುವುದರಿಂದ ವಾಚಕರು ನೆನಪಿನಲ್ಲಿಡಬೇಕು.

ಈಚೆಗೆ ತಾಲೂಕಾದ ಮಸ್ಕಿಯಲ್ಲಿ ಅರ್ಧ ದಿನ ನಿಂತೆವು. 1915ರಲ್ಲಿ ಬೀಡನ್ ಎಂಬ ಗಣಿಯ ಎಂಜಿನಿಯರು ಚಿನ್ನವನ್ನರಸುತ್ತ ಬಂದು, ಬ್ರಾಹ್ಮೀ ಲಿಪಿಯ ಪ್ರಾಕೃತ ಶಾಸನವನ್ನು ಕಂಡುದು ಇಲ್ಲಿಯೇ. ‘ದೇವಾನಾಂಪ್ರಿಯ’ನೆಂದರೆ ಅಶೋಕನೇ ಎಂಬುದನ್ನು ಹೆಸರು ಸಹಿತವಾಗಿ ತಿಳಿಸಿದ ಕಲ್ಲು ಅದು. ಧರ್ಮದ ಫಲವು ದೊಡ್ಡವರಿಗಷ್ಟೇ ದೊರೆಯುವುದೆಂದು ತಿಳಿಯಬಾರದು, ಸಣ್ಣವನೂ ಪಡೆಯಬಲ್ಲನೆಂಬ ಅಭಿಪ್ರಾಯ ಅದರಲ್ಲಿದೆ. ಆ ಕಲ್ಲಿನ ಸೀಮೆಯಲ್ಲಿಯೇ, 2011ರ ಜನಗಣತಿಯ ಪ್ರಕಾರ, ರಾಯಚೂರು ಜಿಲ್ಲೆಯ ಅಕ್ಷರಸ್ಥರು ನೂರಕ್ಕೆ ಅರುವತ್ತರಷ್ಟು. ಹೆಂಗಸರಲ್ಲಿ ಐವತ್ತಕ್ಕೂ ಕಡಿಮೆ. ರಾಜ್ಯದ ಸರಾಸರಿಯಾದರೋ ಎಪ್ಪತ್ತೈದು.

ಲಿಂಗಸುಗೂರು ತಾಲೂಕಿನ ಮುದಗಲ್ಲು ಕೋಟೆಗೂ ಮೊಹರಮ್ಮಿಗೂ ಪ್ರಸಿದ್ಧವಾದ ಊರು. ಆ ಹಬ್ಬದಲ್ಲಿ ಹಿಂದೂಗಳೂ ಮುಸಲ್ಮಾನರೂ ಕೂಡಿ ನಡೆಯುತ್ತಾರೆ. ಅಲ್ಲಿ ಬಹು ಪುರಾತನವಾದ ಕಥೋಲಿಕ ಜನವಸತಿಯೂ ಇದೆಯೆಂಬುದು ಅನೇಕರಿಗೆ ತಿಳಿಯದು. ಅಲ್ಲಿಯ ಇಗರ್ಜಿಯನ್ನು 16ನೆಯ ಶತಮಾನದ್ದೆಂದು ಹೇಳುವುದುಂಟು. ಬಿಜಾಪುರದ ಆದಿಲಶಾಹಿ ಅರಸರು ಅದಕ್ಕೆ ದತ್ತಿ ಬಿಟ್ಟರೆಂಬ ಮಾತೂ ಇದೆ. 19ನೆಯ ಶತಮಾನದಲ್ಲಿ ಈ ಸೀಮೆಯ ಆಡಳಿತ ನೋಡಿದ ಮೆಡೋಸ್ ಟೇಲರ್ ಸಾಹೇಬನೂ ಈ ಕ್ರೈಸ್ತರನ್ನು ಸ್ಮರಿಸಿದ್ದಾನೆ. ಮುಸಲ್ಮಾನ ಅರಸನ ಭೂಮಿ, ಪರದೇಶದ ಪಾದ್ರಿ, ಕನ್ನಡದ ಭಕ್ತರು: ಇಂತಹ ಕೂಟವನ್ನು ಕಂಡು ನಮಗೆ ಸಂತೋಷವಾಯಿತು. 1949ರಲ್ಲಿ ಬಳ್ಳಾರಿಯ ಧರ್ಮಪ್ರಾಂತ್ಯವು ಸ್ಥಾಪಿತವಾಯಿತು. ಮುದಗಲ್ಲು ಅದಕ್ಕೆ ಸೇರಿದೆ. ಅದಕ್ಕೆ ಹಿಂದಿನ ವರ್ಷದ ಸೆಪ್ಟೆಂಬರಿನ ತನಕ ಈ ಸೀಮೆ ನಿಜಾಮರ ಕೈಯಲ್ಲಿತ್ತು. ಕಚೇರಿಯಲ್ಲಿಯೂ ಮೇಲಿನ ತರಗತಿಗಳಲ್ಲಿಯೂ ಉರ್ದುವಿನದೇ ದರ್ಬಾರು. ಆದಕಾರಣ ಇಲ್ಲಿ ಕನ್ನಡದಲ್ಲಿ ಪಾಠ ಹೇಳುವ ಶಾಲೆಯೆಂದರೆ ಜನ ಕಷ್ಟಪಟ್ಟು ಗಳಿಸಿದ ಆಸ್ತಿ.

ನಾವು ನೋಡಬಂದ ಶಾಲೆಯ ಹೆಸರನ್ನು ಬರೆಯುವುದಿಲ್ಲ. ಅಲ್ಲಿಯ ಕನ್ಯಾಸ್ತ್ರೀಯರು ಹಾಗೆ ಬೇಡಿಕೊಂಡರು. ಹೆಂಚಿನ ಮಾಡು, ಮುಂದೆ ಬೇವಿನ ಮರ, ಪಕ್ಕದಲ್ಲಿ ಇಗರ್ಜಿ. ಮಕ್ಕಳಲ್ಲಿ ಕ್ರೈಸ್ತರು ಕೆಲವರೇ. ಉಳಿದವರು ಊರ ಎಲ್ಲ ಕೇರಿಗಳವರು. ಶಾಲೆ ಸೊರಗಿದ ಬಗೆಯನ್ನು ಮುಖ್ಯೋಪಾಧ್ಯಾಯಿನಿಯವರು ವಿವರಿಸಿದರು. ಸರಕಾರದ ಅನುದಾನವಿರುವ ಉಪಾಧ್ಯಾಯರು ಒಬ್ಬೊಬ್ಬರಾಗಿ ನಿವೃತ್ತರಾದರು. ತೆರವಾದ ಜಾಗ ತುಂಬಲು ಅಪ್ಪಣೆ ಬರಲಿಲ್ಲ. ಸಂಬಳವನ್ನು ಇಗರ್ಜಿಯೇ ಕೊಡಬೇಕಾಯಿತು. ಅದಕ್ಕಾಗಿ ಫೀಜು ಏರಿಸಿದರು. ಏರಿಸಿದೊಡನೆ ಬಡವರು ಬಿಟ್ಟರು. ಇತ್ತ 2014ರಲ್ಲಿ ಸುಪ್ರೀಂ ಕೋರ್ಟು ಮಾತೃಭಾಷೆಯ ಮಾಧ್ಯಮವನ್ನು ಕಡ್ಡಾಯ ಮಾಡಲಾಗದೆಂದು ತೀರ್ಪಿತ್ತ ಮೇಲೆ ಇಂಗ್ಲಿಷ್ ಶಾಲೆಗಳಿಗೆ ಅಡ್ಡಿಯಿಲ್ಲದಾಯಿತು, ಅನುಕೂಲಸ್ಥರು ಅತ್ತ ಹೋದರು. ಉಳಿದವರು ಗುಳೆಯವರ ಮಕ್ಕಳು. ಅವರಾದರೋ ಅರ್ಧ ವರ್ಷ ಇರುವುದಿಲ್ಲ. ಒಂದು ತರಗತಿಯಲ್ಲಿ ಬೆಂಚುಗಳೇ ಮಕ್ಕಳಿಗಿಂತ ಹೆಚ್ಚಾದವಂತೆ.

ಕನ್ನಡ ವಿಭಾಗವನ್ನು ಮುಚ್ಚಿ ಇಂಗ್ಲಿಷ್ ಶಾಲೆಯೊಂದನ್ನೇ ನಡೆಸಿದರೆ ಲೆಕ್ಕ ಸರಿಹೋಗುವುದೆಂದು ಸಲಹೆ ಕೊಟ್ಟವರು ಕಡಿಮೆಯಲ್ಲ. ಲೆಕ್ಕದ ದೃಷ್ಟಿಯಿಂದ ಅದು ನಿಜವೇ. ಆದರೆ ಫೀಜು ಕೊಡಲಾರದವರನ್ನು ಹೊರಗಿಟ್ಟು ಉಳಿಯುವ ಶಾಲೆಗೆ ಇಗರ್ಜಿಯ ಹೆಸರು ಯಾತಕ್ಕೆಂದು ಅಲ್ಲಿಯ ಗುರುಗಳು ಕೇಳಿದರಂತೆ. ಆ ಪ್ರಶ್ನೆ ನಮಗೆ ಮೆಚ್ಚಿಕೆಯಾಯಿತು.

ಅವರು ಮಾಡಿದ್ದು ದೊಡ್ಡ ಕೆಲಸವೇನೂ ಅಲ್ಲ, ಬೇಸರದ ಕೆಲಸ. ಗುಳೆಗೆ ಹೊರಡುವ ಮನೆಗಳಿಗೆ ಮುಂಚೆಯೇ ಹೋಗಿ, ಮಕ್ಕಳನ್ನು ಅಜ್ಜಿಯ ಬಳಿಯಲ್ಲಿ ಬಿಟ್ಟುಹೋಗುವಂತೆ ಒಪ್ಪಿಸಿದರು. ಅಜ್ಜಿಯಿಲ್ಲದವರಿಗೆ ಶಾಲೆಯ ಹಿಂದಿನ ಕೊಠಡಿಯಲ್ಲಿಯೇ ವಾಸ. ಸಂಜೆ ದೀಪ ಹಚ್ಚಿ ಪಾಠ. ಮಾನ್ವಿಯ ಕಡೆ ಯೇಸುಸಭೆಯವರು ಲೊಯೋಲಾ ಶಾಲೆಯನ್ನು ನಡೆಸುತ್ತ, ಹಳ್ಳಿಗಳಲ್ಲಿ ದಲಿತರ ಮಕ್ಕಳಿಗೆ ಸಂಜೆಯ ಪಾಠದ ಏರ್ಪಾಡು ಮಾಡಿರುವುದೇ ಇದಕ್ಕೆ ಮಾದರಿಯಂತೆ. ಒಂದನೆಯ ತರಗತಿಯಿಂದಲೇ ಇಂಗ್ಲಿಷನ್ನು ಒಂದು ವಿಷಯವಾಗಿ ಗಟ್ಟಿಯಾಗಿ ಕಲಿಸತೊಡಗಿದರು. ತಾಯ್ತಂದೆಯರ ಅಂಜಿಕೆ ಅರ್ಧ ಕಳೆಯಿತು. ಮಧ್ಯಾಹ್ನದ ಊಟವಂತೂ ಇದ್ದೇ ಇದೆ. 2002ರಲ್ಲಿ ಅಕ್ಷರ ದಾಸೋಹ ಮೊದಲು ಆರಂಭವಾದ ಜಿಲ್ಲೆಗಳಲ್ಲಿ ರಾಯಚೂರೂ ಒಂದು. ‘ದಾಸೋಹ’ವೆಂಬ ಶರಣರ ಮಾತು ಇಗರ್ಜಿಯ ಅಂಗಳದ ಹಲಗೆಯ ಮೇಲೆ ಬರೆದಿರುವುದನ್ನು ನಾವು ಎರಡು ಸಲ ಓದಿದೆವು.

ಹಣದ ಕೊರತೆ ತೀರಿಲ್ಲ. ಇಬ್ಬರು ಉಪಾಧ್ಯಾಯಿನಿಯರ ಸಂಬಳಕ್ಕೆ ಪ್ರತಿ ತಿಂಗಳೂ ಹುಡುಕಾಟವೇ. ಹಳೆಯ ವಿದ್ಯಾರ್ಥಿಗಳಲ್ಲಿ ಬೆಂಗಳೂರು ಸೇರಿದ ಕೆಲವರು ಕಳುಹಿಸುತ್ತಾರೆ, ಕೆಲವರು ಮರೆಯುತ್ತಾರೆ. ನಾಲ್ಕನೆಯ ತರಗತಿಯಲ್ಲಿ ನಮ್ಮನ್ನು ಕೂರಿಸಿ ಪಾಠ ಹೇಳಿರೆಂದರು. ಮಸ್ಕಿಯ ಕಲ್ಲಿನ ಕಥೆ ಹೇಳಿದೆವು. ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು, “ಸರ, ಆ ಅಕ್ಷರ ಓದಾಕ ನಮಗೂ ಬರ್ತದೇನ್ರಿ?” ಎಂದು ಕೇಳಿದಳು. ಬ್ರಾಹ್ಮಿಯ ‘ಕ’ಕಾರವು ಎರಡು ಗೀಟುಗಳು ಒಂದನ್ನೊಂದು ಕತ್ತರಿಸಿದಂತೆ ಇರುವುದರಿಂದ ಅದನ್ನೇ ಮೊದಲು ಹಲಗೆಯ ಮೇಲೆ ಬರೆದೆವು. ಗಂಟೆ ಹೊಡೆಯುವಷ್ಟರಲ್ಲಿ ಎಂಟು ಅಕ್ಷರಗಳಾಗಿದ್ದವು.